ಹತ್ತು ವರ್ಷ ರಸ್ತೆಯಲ್ಲಿ ಬೈಕ್ ಓಡಿಸಿದವರೂ ಟ್ರ್ಯಾಕ್ ಡೇಯಲ್ಲಿ ಆರಂಭಿಕರ ಗುಂಪಿಗೇ ಸೇರಬೇಕೇ?

ಹೌದು. ಟ್ರ್ಯಾಕ್ ಡೇ ಎಂದರೆ ರೇಸ್ ಟ್ರ್ಯಾಕಿನಲ್ಲಿ ಸ್ಪರ್ಧೆಯಿಲ್ಲದೆ ಬೈಕ್ ಓಡಿಸಲು ಸವಾರರನ್ನು ಗುಂಪು ಗುಂಪಾಗಿ ಬಿಡುವ ದಿನ. ಮೊದಲ ಸಲ ಟ್ರ್ಯಾಕಿಗೆ ಇಳಿಯುವವರು, ಬೈಕು ಎಷ್ಟೇ ಸಿಸಿಯದಾಗಿರಲಿ, ಆರಂಭಿಕರ ಗುಂಪಿಗೇ ಹೆಸರು ಕೊಡುವುದು ಸರಿ. ಗುಂಪುಗಳನ್ನು ಮಾಡುವುದು ಬೈಕಿನ ಶಕ್ತಿಯನ್ನು ನೋಡಿ ಅಲ್ಲ, ತಿರುವಿನಲ್ಲಿ ಸವಾರರ ನಡುವಿನ ವೇಗದ ಅಂತರವನ್ನು ಕಡಿಮೆ ಇಡುವುದಕ್ಕಾಗಿ. ನೀವು ಗಂಟೆಗೆ 60 ಕಿ.ಮೀ. ವೇಗದಲ್ಲಿ ತಿರುಗುತ್ತಿರುವಾಗ ಹಿಂದಿನವರು 90 ಕಿ.ಮೀ. ವೇಗದಲ್ಲಿ ಬಂದರೆ, ನಡುವಿನ ದೂರ ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು ಕುಗ್ಗುತ್ತದೆ. ವಾಲಿದ ಬೈಕಿನಲ್ಲಿ ಟೈರಿನ ಹಿಡಿತದ ಬಹುಪಾಲು ತಿರುಗುವುದಕ್ಕೇ ಖರ್ಚಾಗಿರುವುದರಿಂದ, ಅವರಿಗೆ ಥಟ್ಟನೆ ಬ್ರೇಕ್ ಹಾಕಲಾಗಲಿ ದಾರಿ ಬದಲಿಸಲಾಗಲಿ ಹೆಚ್ಚು ಅವಕಾಶ ಉಳಿದಿರುವುದಿಲ್ಲ. ಆರಂಭಿಕರ ಗುಂಪಿನಲ್ಲಿ ಸಾಮಾನ್ಯವಾಗಿ ನೇರ ಹಾದಿಯಲ್ಲಿ ಮಾತ್ರ ಓವರ್‌ಟೇಕ್ ಮಾಡಲು ಬಿಡುವುದು ಇದೇ ಕಾರಣಕ್ಕೆ.

ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯ ಸುಮಾರು 3.7 ಕಿ.ಮೀ. ಟ್ರ್ಯಾಕಿನಂತಹ ಕಡೆ, ಬಲವಾದ ಬೈಕಿನ ಹೊಸಬರು ನೇರ ಹಾದಿಯಲ್ಲಿ ಮುನ್ನುಗ್ಗಿ, ತಿರುವು ಬಂದೊಡನೆ ಅತಿಯಾಗಿ ನಿಧಾನಿಸಿ, ಚಿಕ್ಕ ಬೈಕಿನ ಪಳಗಿದ ಸವಾರರಿಗೆ ಅಡ್ಡವಾಗುವುದುಂಟು. ಹೆದ್ದಾರಿಯ ಅನುಭವ ಇದಕ್ಕೆ ಮದ್ದಲ್ಲ, ಏಕೆಂದರೆ ಅಲ್ಲಿ ಒಂದೇ ತಿರುವನ್ನು ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಹಾಯುವ ಅಭ್ಯಾಸವೇ ಆಗುವುದಿಲ್ಲ.

ನಿಮ್ಮ ಗುಂಪಿನ ಬಹುತೇಕರನ್ನು ನಿರಾಯಾಸವಾಗಿ ದಾಟುತ್ತಾ, ಮಾರ್ಷಲ್‌ಗಳು (ಟ್ರ್ಯಾಕಿನ ಬದಿಯಲ್ಲಿ ನಿಂತ ಸುರಕ್ಷತಾ ಸಿಬ್ಬಂದಿ) ಸೂಚನೆಗಾಗಿ ಬೀಸುವ ಧ್ವಜಗಳನ್ನೂ ಪ್ರತಿ ಸುತ್ತಿನಲ್ಲಿ ಗಮನಿಸುವಷ್ಟು ವ್ಯವಧಾನ ನಿಮಗಿದ್ದರೆ, ಮೇಲಿನ ಗುಂಪಿಗೆ ಹೋಗಲು ಆಯೋಜಕರನ್ನು ಕೇಳಬಹುದು. ಧ್ವಜ ಕಾಣಲೇ ಇಲ್ಲ ಎನ್ನುವವರು, ಲ್ಯಾಪ್ ಸಮಯ (ಒಂದು ಸುತ್ತಿಗೆ ಹಿಡಿಯುವ ಸಮಯ) ಎಷ್ಟೇ ಚೆನ್ನಾಗಿರಲಿ, ಇನ್ನೂ ಸಿದ್ಧರಾಗಿಲ್ಲ ಎಂಬುದು ನನ್ನ ಅಭಿಪ್ರಾಯ.