ಎಂಎಸ್‌ಡಬ್ಲ್ಯೂ ಮುಗಿಸಿ ಕಾಸರಗೋಡಿನ ಕ್ಲಿನಿಕ್ ಒಂದಕ್ಕೆ ಸೇರುತ್ತಿದ್ದೇನೆ. ಇಲ್ಲಿನ ಒಂದೊಂದು ಸಮುದಾಯದ ಪದ್ಧತಿಗಳನ್ನು ಮೊದಲೇ ಪಟ್ಟಿ ಮಾಡಿ ಕಲಿಯುವುದು ಹೇಗೆ? ಪುಸ್ತಕದ ಬೆಳವಣಿಗೆ ಸಿದ್ಧಾಂತಗಳು ಇಲ್ಲಿ ನಡೆಯುತ್ತವೆಯೇ?

ಪಟ್ಟಿ ಬೇಡ. "ಬ್ಯಾರಿಗಳಲ್ಲಿ ಹೀಗೆ, ಕೊರಗರಲ್ಲಿ ಹಾಗೆ, ಹವ್ಯಕರಲ್ಲಿ ಇನ್ನೊಂದು ಥರ" ಅಂತ ಬರೆದಿಟ್ಟುಕೊಂಡು ಕೂರಬೇಕು ಅನ್ನುವ ನಿಮ್ಮ ಯೋಚನೆ ನನಗೆ ಹೊಸದಲ್ಲ, ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಹುಡುಕಿದ್ದೂ ಅದನ್ನೇ. ಸಿಕ್ಕಿದರೂ ಓದಬೇಡಿ ಅಂತ ಈಗ ಹೇಳುತ್ತೇನೆ. ಮಂಜೇಶ್ವರ, ಕುಂಬಳೆ ಕಡೆ ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಆಫೀಸಿನಲ್ಲಿ ಮಲಯಾಳ ಆಡುವ ಕುಟುಂಬಗಳು ಎಷ್ಟೋ ಇವೆ. ಜಾತಿಯ ಹೆಸರು ಗೊತ್ತಾದರೆ ಮಗುವಿಗೆ ಯಾರು ತಿನ್ನಿಸುತ್ತಾರೆ, ಅದು ರಾತ್ರಿ ಯಾರ ಪಕ್ಕ ಮಲಗುತ್ತದೆ, ಅದರ ವಿಷಯದಲ್ಲಿ ಕೊನೆಯ ಮಾತು ಯಾರದ್ದು ಅನ್ನುವುದು ಗೊತ್ತಾಗುವುದಿಲ್ಲ. ನಿಮಗೆ ಬೇಕಾದದ್ದು ಈ ಮೂರು.

ಒಂದು ಮನೆ ಕಲ್ಪಿಸಿಕೊಳ್ಳಿ. ಮಗನಿಗೆ 3 ವರ್ಷ ತುಂಬಿದೆ. ಮನೆಮಾತು ತುಳು. ಅಪ್ಪ ಗಲ್ಫ್‌ನಲ್ಲಿ, ಅಮ್ಮ ಬೀಡಿ ಕಟ್ಟುತ್ತಾರೆ, ಹಗಲಿಡೀ ಅಜ್ಜಿಯೇ ನೋಡಿಕೊಳ್ಳುವುದು. ಅಂಗನವಾಡಿಯಲ್ಲಿ ಟೀಚರ್ ಮಾತಾಡುವುದು ಮಲಯಾಳ. "ಮಾತು ಕಡಿಮೆ, ಹೇಳಿದ್ದು ಮಾಡುವುದಿಲ್ಲ" ಅಂತ ಅವರು ಕಳಿಸಿದ್ದಾರೆ. ಕ್ಲಿನಿಕ್‌ಗೆ ಬಂದವರು ಅಮ್ಮ ಮತ್ತು 11 ವರ್ಷದ ಅಕ್ಕ. ಅಮ್ಮನಿಗೆ ಮಲಯಾಳ ಅಷ್ಟಕ್ಕಷ್ಟೆ, ಹಾಗಾಗಿ ಅಕ್ಕನೇ ದುಭಾಷಿ. ಹೊಸಬರು ವೈನ್‌ಲ್ಯಾಂಡ್ ಸೋಶಿಯಲ್ ಮೆಚ್ಯುರಿಟಿ ಸ್ಕೇಲ್ (ಮಗು ದಿನನಿತ್ಯದ ಕೆಲಸ ಎಷ್ಟು ತಾನೇ ಮಾಡುತ್ತದೆ ಅಂತ ಅಳೆಯುವ ಪ್ರಶ್ನಾವಳಿ; ಮಾಲಿನ್ ಅವರ ಭಾರತೀಯ ರೂಪ, 15 ವರ್ಷದವರೆಗಿನದ್ದು, 89 ಅಂಶಗಳು) ತೆಗೆದು ಸಾಲಾಗಿ ಕೇಳುತ್ತಾ ಹೋಗುತ್ತಾರೆ. ತಾನೇ ಉಣ್ಣುತ್ತಾನಾ? ಇಲ್ಲ. ಅಂಗಿ ತೆಗೆಯುತ್ತಾನಾ? ಇಲ್ಲ. ಕೈ ತೊಳೆಯುತ್ತಾನಾ? ಅಜ್ಜಿ ತೊಳೆಯುತ್ತಾರೆ. ಎಲ್ಲದಕ್ಕೂ ಮೈನಸ್.

ಇಲ್ಲಿ ಆಗುವ ಒಂದು ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಉಳಿದ ತಪ್ಪುಗಳನ್ನು ನಾಳೆ ಸರಿಮಾಡಬಹುದು, ಇದು ಫೈಲಿನಲ್ಲಿ ಅಂಟಿಕೊಂಡು ಶಾಲೆಯವರೆಗೂ ಮಗುವಿನ ಹಿಂದೆ ಹೋಗುತ್ತದೆ. ಅವಕಾಶವೇ ಸಿಗದ್ದನ್ನು ಸಾಮರ್ಥ್ಯ ಇಲ್ಲ ಅಂತ ಬರೆಯುವುದು ಆ ತಪ್ಪು. ಲೆಕ್ಕ ನೋಡಿ. ಆ ಸ್ಕೇಲಿನಲ್ಲಿ ಬಂದ ಸಾಮಾಜಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಸೋಶಿಯಲ್ ಕೋಶಂಟ್. ಈ ಹುಡುಗನಿಗೆ 24 ತಿಂಗಳು ಅಂತ ಬಂದರೆ 24 ಭಾಗಿಸು 36, ಅಂದರೆ 67. ಅವೇ ಅಂಶಗಳನ್ನು ಸರಿಯಾಗಿ ಕೇಳಿ, ಮಾಡಿಸಿ ನೋಡಿ, 30 ತಿಂಗಳು ಬಂದರೆ 83. 70ರ ಗೆರೆ ಇವೆರಡರ ನಡುವೆ ಇದೆ. ಹುಡುಗ ಒಬ್ಬನೇ, ಕೂತ ಬೆಂಚೂ ಅದೇ. ಒಂದು ಅಂಕಿ ಬೌದ್ಧಿಕ ವೈಕಲ್ಯದ ಕಡೆ ತಳ್ಳುತ್ತದೆ, ಇನ್ನೊಂದು ತಳ್ಳುವುದಿಲ್ಲ. ಕೊನೆಯ ತೀರ್ಮಾನ ಮನಶ್ಶಾಸ್ತ್ರಜ್ಞರದ್ದು, ಡಾಕ್ಟರದ್ದು ನಿಜ. ಆದರೆ ಅವರ ಕೈಗೆ ಮೊದಲು ಹೋಗುವುದು ನಿಮ್ಮ ಕಾಗದ.

ಅಜ್ಜಿ ಸಾಕುವ ಮನೆಯಲ್ಲಿ ನಾಲ್ಕೈದು ವರ್ಷದವರೆಗೆ ಕೈತುತ್ತು ಕೊಡುವುದು ಮುದ್ದಿಗೆ ಮಾತ್ರ ಅಲ್ಲ. ಮುಸುರೆ ಚೆಲ್ಲಬಾರದು, ಮಗುವಿನ ಹೊಟ್ಟೆ ತುಂಬಿತೋ ಅಂತ ಕಣ್ಣಾರೆ ಕಾಣಬೇಕು, ಬೇಗ ಮುಗಿಯಬೇಕು. ಹೀಗಾಗಿ "ತಾನೇ ಉಣ್ಣುತ್ತಾನಾ" ಅನ್ನುವುದಕ್ಕೆ ಬರುವ "ಇಲ್ಲ" ಆ ಮನೆಯ ರೂಢಿ. ಪ್ರಶ್ನೆಯನ್ನು ಮೂರು ಮಾಡಿ: ಮಾಡುತ್ತಾನಾ? ಬಿಟ್ಟರೆ ಮಾಡಿಯಾನಾ? ಯಾವತ್ತಾದರೂ ಬಿಟ್ಟು ನೋಡಿದ್ದೀರಾ? ಮೂರನೆಯದಕ್ಕೂ "ಇಲ್ಲ" ಬಂದರೆ ಬಾಯಿಮಾತಿನ ಮೇಲೆ ಮೈನಸ್ ಹಾಕಬೇಡಿ, ಅಲ್ಲೇ ಮಾಡಿಸಿ. ಸ್ಟೀಲ್ ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ, ಒಂದು ಸಣ್ಣ ಲೋಟದಲ್ಲಿ ಅರ್ಧ ನೀರು, ಇಲಾಸ್ಟಿಕ್ ಚಡ್ಡಿ ಒಂದು, ಇಷ್ಟು ಸಾಕು. ಚಮಚ ಕೊಟ್ಟು "ಹಿಡಿಯಲು ಬರುವುದಿಲ್ಲ" ಅಂತ ಬರೆಯುವವರಿದ್ದಾರೆ. ದೋಸೆಯನ್ನು ಎರಡು ಬೆರಳಲ್ಲಿ ಹರಿದು ಚಟ್ನಿಗೆ ಅದ್ದಿ ಬಾಯಿಗಿಡುವ ಮಗುವಿಗೆ ಚಮಚದ ಪರೀಕ್ಷೆ ಎಂತಕ್ಕೆ ಮಾರಾಯ್ರೆ?

ಅಲ್ಲಿಯೂ ಮಾಡದಿದ್ದರೆ ಮನೆಗೆ ಎರಡು ವಾರದ ಕೆಲಸ ಕೊಡಿ. ದಿನಕ್ಕೆ ಒಂದು ಹೊತ್ತು, ಮಗುವಿಗೆ ಹಸಿವಾಗುವ ಹೊತ್ತಿನಲ್ಲಿ, ಮೊದಲ ಐದಾರು ತುತ್ತು ಅವನದ್ದೇ ಕೈಯಿಂದ. ಉಳಿದದ್ದನ್ನು ಅಜ್ಜಿ ತಿನ್ನಿಸಲಿ. ಇದನ್ನು ಅಮ್ಮನಿಗೆ ಹೇಳಿ ಕಳಿಸಿದರೆ ಮನೆಯಲ್ಲಿ ನಡೆಯುವುದಿಲ್ಲ, ಅಜ್ಜಿಗೇ ಹೇಳಬೇಕು, ಮುಂದಿನ ಸಲ ಅವರನ್ನೇ ಬರಹೇಳಬೇಕು. ಎರಡು ವಾರದಲ್ಲಿ ಮಗು ಹಿಡಿದುಕೊಂಡರೆ ಅವಕಾಶದ ಕೊರತೆ. ಅವಕಾಶ ಕೊಟ್ಟೂ ಕಲಿಯಲಿಲ್ಲವೋ, ಮುಂದಿನ ತಪಾಸಣೆಗೆ ಗಟ್ಟಿ ಕಾರಣ ಸಿಕ್ಕಿತು. ಈ ಸ್ಕೇಲನ್ನು ಮೊದಲು ಮಾಡಿದ ಡಾಲ್ ಅವರ ಮೂಲ ವೈನ್‌ಲ್ಯಾಂಡ್‌ನಲ್ಲಿ ಅವಕಾಶವಿಲ್ಲದ್ದಕ್ಕೆ ಬೇರೆಯೇ ಗುರುತು ಇದೆ. ಅದನ್ನು ಬಳಸದೆ ಎಲ್ಲವನ್ನೂ ಮೈನಸ್‌ಗೆ ತಳ್ಳುವುದು ಸೋಮಾರಿತನ.

ಮಾತಿನ ವಿಷಯಕ್ಕೆ ಕಾಗದದಲ್ಲಿ ಮೂರು ಕಾಲಂ ಎಳೆಯಿರಿ: ತುಳು, ಕನ್ನಡ, ಮಲಯಾಳ. ಮಗು ಆಡುವ ಒಂದೊಂದು ಪದವೂ ಅದರದರ ಕಾಲಂಗೆ. ಲೆಕ್ಕ ಹಾಕುವುದು ಮೂರನ್ನೂ ಕೂಡಿಸಿ. ಎರಡು ಪದ ಜೋಡಿಸಿ ಹೇಳುವುದು ಸುಮಾರು 24 ತಿಂಗಳಿಗೆ ಬರಬೇಕು, ಯಾವ ಭಾಷೆಯಲ್ಲಾದರೂ ಸರಿ, ಒಂದು ತುಳು ಒಂದು ಮಲಯಾಳ ಬೆರೆತರೂ ಸರಿ. "ಹೇಳಿದ್ದು ಮಾಡುವುದಿಲ್ಲ" ಅನ್ನುವ ದೂರನ್ನು ಅಜ್ಜಿಯ ಬಾಯಿಂದ, ಮನೆಮಾತಿನಲ್ಲಿ ಪರೀಕ್ಷಿಸಿ. ಅವರ ಎರಡೂ ಕೈ ಮಡಿಲಲ್ಲಿರಲಿ, ಕಣ್ಣು ನಿಮ್ಮ ಮೇಲಿರಲಿ. ಇಲ್ಲದಿದ್ದರೆ "ಚೆಂಡು ತಾ" ಅನ್ನುವಾಗ ಗಲ್ಲ ಚೆಂಡಿನ ಕಡೆ ಹೋಗುತ್ತದೆ, ಮಗು ಮಾತನ್ನಲ್ಲ, ಗಲ್ಲವನ್ನು ನೋಡಿ ತರುತ್ತದೆ.

ಈಗ ಇದರ ಬೆನ್ನು ನೋಡಿ. "ಎರಡು ಮೂರು ಭಾಷೆಯ ಮನೆ, ತಡ ಆಗುವುದೇ" ಅಂತ ಸಮಾಧಾನ ಹೇಳಿ ಕಳಿಸುವುದು ಅಷ್ಟೇ ಕೆಟ್ಟದ್ದು. ಹಲವು ಭಾಷೆ ಕೇಳಿಸಿಕೊಳ್ಳುವುದರಿಂದ ಮಾತಿನ ಕಾಯಿಲೆ ಹುಟ್ಟುವುದಿಲ್ಲ. ಹೆಸರು ಕರೆದರೆ ವರ್ಷದ ಮಗು ತಿರುಗದಿದ್ದರೆ, 16 ತಿಂಗಳಾದರೂ ಒಂದೂ ಪದ ಇಲ್ಲದಿದ್ದರೆ, 24 ತಿಂಗಳಿಗೆ ಎರಡು ಪದ ಕೂಡದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲಾದರೂ ಹೋದರೆ, ಅಲ್ಲಿ ಸಂಸ್ಕೃತಿಯ ಮಾತು ಎತ್ತಬೇಡಿ. ಮೊದಲು ಕಿವಿ ಕೇಳುತ್ತದೋ ಅನ್ನುವ ಪರೀಕ್ಷೆ: ಒಎಇ, ಬೇಕಾದರೆ ಬೆರಾ. ಆಮೇಲೆ ಉಳಿದದ್ದು. ಮನೆಯಲ್ಲಿ ತುಳು ಬಿಟ್ಟು ಮಲಯಾಳವೇ ಮಾತಾಡಿ ಅನ್ನುವ ಸಲಹೆಯನ್ನಂತೂ ಯಾರಿಗೂ ಕೊಡಬೇಡಿ. ಅಜ್ಜಿಗೆ ಬಾರದ ಭಾಷೆಯಲ್ಲಿ ಅಜ್ಜಿ ಮಗುವಿನ ಜೊತೆ ಏನು ಮಾತಾಡಬೇಕು?

ಆ 11 ವರ್ಷದ ಅಕ್ಕನ ವಿಷಯ. ಮಕ್ಕಳನ್ನು ದುಭಾಷಿಯಾಗಿ ಕೂರಿಸಲೇಬಾರದು. ಅಮ್ಮ ಹೊಡೆಯುತ್ತಾರಾ, ಅಪ್ಪ ದುಡ್ಡು ಕಳಿಸುತ್ತಾರಾ ಅನ್ನುವ ಪ್ರಶ್ನೆ ಅವಳ ಬಾಯಿಂದ ಅಮ್ಮನಿಗೆ ಹೋಗಬೇಕು, ಉತ್ತರ ಅವಳ ತಲೆಯೊಳಗೆ ಉಳಿಯುತ್ತದೆ. ಪಕ್ಕದ ಮನೆಯ ಆಶಾ ಕಾರ್ಯಕರ್ತೆಯೂ ಸುಲಭದ ದಾರಿಯೇ, ಆದರೆ ಅದೇ ಊರಿನವರು. ಮನೆಯವರ ಒಪ್ಪಿಗೆಯನ್ನು ಆಕೆ ಇಲ್ಲದಾಗ ಕೇಳಿ. ಕೊರಗ ಕಾಲೊನಿಯ ಮನೆಗಾದರೆ ಎಸ್‌ಟಿ ಪ್ರಮೋಟರ್ (ಪರಿಶಿಷ್ಟ ಪಂಗಡ ಇಲಾಖೆಯ ಕಾರ್ಯಕರ್ತರು) ನೆರವಾಗುತ್ತಾರೆ, ಅಲ್ಲಿಯೂ ಇದೇ ಮಾತು. ಯಾರೇ ಇರಲಿ, ಮೊದಲು ಹತ್ತು ನಿಮಿಷ ಅವರೊಬ್ಬರ ಜೊತೆ ಕೂತು ಹೇಳಿ: ಒಂದೊಂದೇ ವಾಕ್ಯ, ಸೇರಿಸಬೇಡಿ, ಬಿಡಬೇಡಿ, ಬುದ್ಧಿವಾದ ಹೇಳಬೇಡಿ. ಕುರ್ಚಿ ತಾಯಿಯ ಪಕ್ಕ ಸ್ವಲ್ಪ ಹಿಂದೆ ಇರಲಿ, ನೀವು ನೋಡುವುದು ತಾಯಿಯ ಮುಖ. ಸಮಯ ಎರಡು ಪಟ್ಟು ಇಟ್ಟುಕೊಳ್ಳಿ. ತಾಯಿ ಐದು ನಿಮಿಷ ಮಾತಾಡಿದ್ದು "ಇಲ್ಲ ಅಂತೆ" ಆಗಿ ಬಂದರೆ ಅಲ್ಲೇ ನಿಲ್ಲಿಸಿ, ಮತ್ತೆ ಕೇಳಿಸಿ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಹೋಗುವುದಾದರೆ ಇನ್ನೊಂದು ಸಂಗತಿ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ನೆಲ ಅದು. ಬಾಧಿತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಮನೆಗಳಿಗೆ ಫಾರ್ಮ್ ಹಿಡಿದು ಬಂದವರಲ್ಲಿ ನೀವು ಮೊದಲನೆಯವರಲ್ಲ. ಹೆಸರು ಬಾಧಿತರ ಪಟ್ಟಿಗೆ ಸೇರುತ್ತದೋ ಬಿಡುತ್ತದೋ ಅನ್ನುವ ಆತಂಕದಲ್ಲೇ ಉತ್ತರ ಬರುತ್ತದೆ. ಕಾರಣದ ಬಗ್ಗೆ ವಾದಕ್ಕೆ ಇಳಿಯಬೇಡಿ. ಈ ಕಾಗದ ಯಾವುದಕ್ಕೆ, ಯಾವುದಕ್ಕೆ ಅಲ್ಲ ಅನ್ನುವುದನ್ನು ಮೊದಲ ಐದು ನಿಮಿಷದಲ್ಲಿ ಸ್ಪಷ್ಟ ಹೇಳಿ, ಆಮೇಲೆ ಪ್ರಶ್ನೆ.

ಸಿದ್ಧಾಂತಗಳನ್ನು ಬಿಸಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಮನೋವಿಶ್ಲೇಷಕ ಎರಿಕ್ಸನ್ 1950ರಲ್ಲಿ ಹೇಳಿದ ಬೆಳವಣಿಗೆಯ 8 ಹಂತಗಳಲ್ಲಿ ಎರಡನೆಯದು "ನಾನೇ" ಅನ್ನುವ ಹಠದ್ದು. ಕೈತುತ್ತಿನ ಮಗುವಿನಲ್ಲಿ ಆ ಹಠ ಇಲ್ಲವೇ? ಯಾರ ಕೈಯಿಂದ ತಿನ್ನಬೇಕು ಅನ್ನುವುದನ್ನು ಅದೇ ನಿಶ್ಚಯಿಸುತ್ತದೆ, ಅಂಗಳಕ್ಕೆ ಇಳಿಸದಿದ್ದರೆ ರಂಪ ಮಾಡುತ್ತದೆ. ಸಿದ್ಧಾಂತ ಕೇಳುವ ಪ್ರಶ್ನೆ ಇಟ್ಟುಕೊಳ್ಳಿ, ಅದು ಕೊಡುವ ಉದಾಹರಣೆ ಬಿಡಿ. ವಂಶವೃಕ್ಷ ಬರೆಯುವಾಗಲೂ ಹಾಗೆಯೇ, ಅಪ್ಪ ಅಮ್ಮನಿಂದ ಶುರುಮಾಡುವ ಮಾದರಿ ಎಲ್ಲ ಮನೆಗೂ ಹೊಂದುವುದಿಲ್ಲ. ಅಳಿಯಸಂತಾನ, ಮರುಮಕ್ಕತ್ತಾಯ (ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿ) ಇದ್ದ ಕುಟುಂಬಗಳಲ್ಲಿ ಅಮ್ಮನ ಅಣ್ಣನನ್ನು ಮೊದಲೇ ಬರೆಯಿರಿ. ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ಕೇರಳ ಕಾನೂನಿನಲ್ಲಿ ತೆಗೆದದ್ದು 1976ರಲ್ಲಿ, ಮಾವನ ಮಾತು ಎಷ್ಟೋ ಮನೆಗಳಲ್ಲಿ ಈಗಲೂ ನಡೆಯುತ್ತದೆ. ಚಿಕಿತ್ಸೆ ಮಧ್ಯದಲ್ಲಿ ನಿಂತರೆ ಆ ಮಾವನನ್ನು ಕೇಳಿದ್ದೀರಾ ನೋಡಿ.

ಬೆಳವಣಿಗೆ ಅಂದರೆ ಮಕ್ಕಳದ್ದು ಮಾತ್ರ ಅಂದುಕೊಂಡು ಮುದುಕರನ್ನು ಮರೆಯುತ್ತಾರೆ. 1945ರಲ್ಲಿ ಹುಟ್ಟಿದ ಅಜ್ಜ ಶಾಲೆಗೆ ಹೋದಾಗ ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕಲಿತದ್ದು ಕನ್ನಡ ಅಕ್ಷರ. ಅವರ ಮುಂದೆ ಮರೆವು ಪರೀಕ್ಷಿಸುವ ಮಲಯಾಳದ ಎಂಎಂಎಸ್‌ಇ ಇಟ್ಟರೆ ಓದಿ ಮಾಡುವ ಅಂಶ, ವಾಕ್ಯ ಬರೆಯುವ ಅಂಶ, ಎರಡೂ ಹೋಗುತ್ತವೆ. 30ರಲ್ಲಿ 2 ಅಂಕ ಮರೆವಿನ ಲೆಕ್ಕಕ್ಕೆ ಸೇರುತ್ತದೆ. ಯಾವ ತಿಂಗಳು ಅಂದರೆ "ಆಟಿ" ಅಂದಾರು, ಅದು ತುಳು ತಿಂಗಳು; ಜುಲೈ ಕೊನೆ, ಆಗಸ್ಟ್ ಮೊದಲ ವಾರದಲ್ಲಿ ಅದು ಪೂರ್ಣ ಅಂಕದ ಉತ್ತರ. ಶಾಲೆಗೆ ಎಷ್ಟನೇ ಕ್ಲಾಸಿನವರೆಗೆ, ಯಾವ ಭಾಷೆಯಲ್ಲಿ ಹೋದದ್ದು ಅಂತ ಕೇಳದೆ ಪೆನ್ನು ಎತ್ತಬೇಡಿ.

ಪಟ್ಟಿಯ ಬದಲು ಒಂದು ಸಾಧನ ಬೇಕೆಂದರೆ ಮನೋರೋಗಗಳ ಅಮೆರಿಕನ್ ಕೈಪಿಡಿ ಡಿಎಸ್ಎಂ-5ರಲ್ಲಿರುವ ಕಲ್ಚರಲ್ ಫಾರ್ಮ್ಯುಲೇಶನ್ ಇಂಟರ್‌ವ್ಯೂ ಇದೆ, 16 ಪ್ರಶ್ನೆ. ಎಲ್ಲವನ್ನೂ ಕೇಳಲು ಸಮಯ ಇಲ್ಲದ ದಿನ ನಾಲ್ಕು ಕೇಳಿ: ಇದನ್ನು ನಿಮ್ಮ ಮನೆಯವರಿಗೆ ನೀವು ಹೇಗೆ ಹೇಳುತ್ತೀರಿ, ಯಾಕೆ ಬಂತು ಅಂತ ನಿಮಗೆ ಕಾಣುತ್ತದೆ, ಮನೆಯ ಉಳಿದವರು ಏನನ್ನುತ್ತಾರೆ, ಈವರೆಗೆ ಎಲ್ಲೆಲ್ಲಿ ಹೋಗಿದ್ದೀರಿ. ಜ್ಯೋತಿಷಿಗಳು, ದೈವಸ್ಥಾನ, ದರ್ಗಾ, ಎಲ್ಲ ನಾಲ್ಕನೆಯದರಲ್ಲಿ ಬರುತ್ತದೆ. ಮುಖ ಗಂಟು ಹಾಕಿದರೆ ಬರುವುದಿಲ್ಲ. ದೈವದ ಕೋಲದ ಹೊತ್ತಿನಲ್ಲಿ ದರ್ಶನ ಬರುವುದು, ಅಂದರೆ ಮೈಮೇಲೆ ದೈವ ಬರುವುದು, ರೋಗಲಕ್ಷಣ ಅಲ್ಲ. ಕೋಲ ಇಲ್ಲದ ದಿನ, ತನಗೆ ಬೇಡದೆ, ಕೆಲಸ ನಿದ್ದೆ ಕೆಡಿಸಿಕೊಂಡು ಬಂದರೆ ಡಾಕ್ಟರಿಗೆ ತೋರಿಸಿ.

ಕಾನೂನಿನ ಎರಡು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅನ್ನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಮೇಲೆ ಅದೇ ವಿಷಯದಲ್ಲಿ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್, ಇಲ್ಲವೇ ನಿಯಮದಲ್ಲಿ ಹೇಳಿದ ಬೇರೆ ಮಾನ್ಯ ಅರ್ಹತೆ ಇರಬೇಕು, ಅದಿಲ್ಲದೆ ಆ ಹೆಸರಿನಲ್ಲಿ ರುಜು ಹಾಕಬೇಡಿ. ಅದೇ ಕಾಯ್ದೆ, ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕು ಅನ್ನುತ್ತದೆ. ಕ್ಲಿನಿಕ್‌ನವರು ದುಭಾಷಿಗೆ ಸಮಯವಿಲ್ಲ ಅಂದರೆ ಇದನ್ನು ತೋರಿಸಿ.

ದುಭಾಷಿ ಸಿಗದ ದಿನ ಅಂಕ ಹಾಕುವ ಪರೀಕ್ಷೆಗಳನ್ನು ಮುಂದೂಡಿ. ಎತ್ತರ, ತೂಕ, ಹೆರಿಗೆಯ ಕಾಗದ, ಚುಚ್ಚುಮದ್ದಿನ ಕಾರ್ಡ್ ನೋಡಿ ಕಳಿಸಿ. ಆತ್ಮಹತ್ಯೆಯ ಮಾತು ಬಂದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ ಮಾತ್ರ ಮುಂದೂಡುವಂತಿಲ್ಲ. ಮೊದಲನೆಯದಕ್ಕೆ ಫೋನಿನಲ್ಲಾದರೂ ಒಬ್ಬ ದೊಡ್ಡವರನ್ನು ದುಭಾಷಿಯಾಗಿ ಹಿಡಿದು, ಅವತ್ತೇ ಡಾಕ್ಟರ ಮುಂದೆ ಕೂರಿಸಿ. ಎರಡನೆಯದಕ್ಕೆ 2012ರ ಪೋಕ್ಸೊ ಪ್ರಕಾರ ದೂರು ಕೊಡುವುದು ಕಡ್ಡಾಯ, ಮಗುವಿಗೆ ದುಭಾಷಿ ಒದಗಿಸುವುದು ಹೇಳಿಕೆ ಬರೆದುಕೊಳ್ಳುವವರ ಹೊಣೆ. ನೀವು ಮಗುವನ್ನು ಮತ್ತೆ ಮತ್ತೆ ಕೇಳಲು ಹೋಗಬೇಡಿ, ಅದು ಹೇಳಿದ ಮಾತನ್ನು ಹೇಳಿದ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಾದರೂ ಸರಿ, ಹಾಗೇ ಬರೆದಿಡಿ.