ಹಾಲು ನಿಲ್ಲಿಸುವ ಮೊದಲು ಬಾಟಲಿ ಹಿಡಿಯುವ ರೀತಿ ನೋಡಿ

ಎರಡು ವರ್ಷದ ಮಗನಿಗೆ 6 ತಿಂಗಳಲ್ಲಿ ಮೂರನೇ ಸಲ ಕಿವಿ ಸೋರಿದೆ, ಹಾಲು, ಬಾಳೆಹಣ್ಣು ಬಿಡಿಸಲಾ ಅಂತ ಕೇಳಿದ್ದೀರಿ. ಸುಮ್ನೆ ಬಿಡಿಸಬೇಡಿ. ಹಾಲಿನ ಅಲರ್ಜಿ ಇರುವ ಮಕ್ಕಳ ಮಾತು ಬೇರೆ, ಅದನ್ನು ಡಾಕ್ಟರೇ ಹೇಳಬೇಕು.

ಏನು ಕುಡಿಯುತ್ತಾನೆ ಅನ್ನೋದಕ್ಕಿಂತ ಹೇಗೆ ಕುಡಿಯುತ್ತಾನೆ ನೋಡಿ. ಮೂಗಿನ ಹಿಂಭಾಗದಿಂದ ಕಿವಿಯೊಳಗೆ ಒಂದು ಸಣ್ಣ ನಳಿಗೆ ಇದೆ. ಚಿಕ್ಕ ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡ. ಮಲಗಿಕೊಂಡು ಬಾಟಲಿ ಚೀಪಿದರೆ ಹಾಲು ಅಲ್ಲಿಗೆ ನುಗ್ಗಬಹುದು. ಡೊಂಬಿವಲಿಯ ನಮ್ಮ ಮನೆಯಲ್ಲೂ ಮಗಳು ಬಾಟಲಿ ಕಚ್ಚಿಕೊಂಡೇ ನಿದ್ದೆ ಹೋಗುತ್ತಿದ್ದಳು. ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ. ತೊಡೆ ಮೇಲೆ ಕೂರಿಸಿ ಲೋಟದಲ್ಲಿ ಕುಡಿಸೋಕೆ ಶುರು ಮಾಡಿದೆವು. ಒಂದು ವಾರ ಜಾಸ್ತಿ ಅತ್ತಳು, ಆಮೇಲೆ ಒಗ್ಗಿಕೊಂಡಳು. ಮುಂದಿನ ಮಳೆಗಾಲದಲ್ಲಿ ಕಿವಿ ಸೋರಲಿಲ್ಲ. ಅವಳು ಬೆಳೆದಿದ್ದಳು ಕೂಡ, ಅದೂ ಕಾರಣ ಇರಬಹುದು.

ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತಾರಾ? ಆ ಹೊಗೆಯೂ ಕಿವಿಗೆ ಕೆಟ್ಟದ್ದು. ಕಿವಿ ಸೋಂಕು ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧ ಕೊಡುವ ನ್ಯುಮೋಕಾಕಲ್ ಲಸಿಕೆ ಆಗಿದೆಯಾ? ಸೋರುವ ಕಿವಿಗೆ ಬಿಸಿ ಎಣ್ಣೆ ಖಂಡಿತ ಬೇಡ. 6 ತಿಂಗಳಲ್ಲಿ 3 ಸಲ ಅಂದರೆ ಕಿವಿ ಡಾಕ್ಟರ ಹತ್ತಿರ ಹೋಗಲೇಬೇಕು. ಮಗುವಿಗೆ ಸರಿಯಾಗಿ ಕೇಳಿಸುತ್ತಾ ಅಂತಲೂ ಪರೀಕ್ಷೆ ಮಾಡಿಸಿ.