ಓದುವ ವಯಸ್ಸಿನಲ್ಲಿ ರಾಜಕೀಯ ಯಾಕೆ? ಡಿಗ್ರಿ ಮುಗಿದ ಮೇಲೆ ನೋಡಿಕೊಂಡರೆ ಆಗಲ್ವಾ?

ಆಗುತ್ತೆ, ಆದರೆ ನಿಮ್ಮ ಫೀಸು, ವಿದ್ಯಾರ್ಥಿವೇತನ, ಪರೀಕ್ಷೆಯ ನಿಯಮಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಯಾರೋ ಇವತ್ತೇ ತೀರ್ಮಾನ ಮಾಡುತ್ತಿರುತ್ತಾರೆ.

ರಾಜಕೀಯ ಅಂದ ಕೂಡಲೇ ಪಕ್ಷ, ಬಾವುಟ, ಜಗಳ ಅಂದುಕೊಳ್ಳುತ್ತೇವೆ. ಅದು ಒಂದು ಭಾಗ ಅಷ್ಟೇ. 1960ರ ಫೆಬ್ರವರಿಯಲ್ಲಿ ಅಮೆರಿಕದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಹೋಗಿ ಕುಳಿತರು. ತಿಂಡಿ ಕೊಡಲಿಲ್ಲ, ಆದರೂ ಎದ್ದು ಹೋಗಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಅದೇ ಜುಲೈನಲ್ಲಿ ಆ ಅಂಗಡಿ ನಿಯಮ ಬದಲಿಸಿತು. ಅವರೆಲ್ಲ ಹಾಸ್ಟೆಲಿನಲ್ಲಿ ಕೂತು ಮಾತಾಡಿಕೊಂಡ ಹುಡುಗರು, ಅಷ್ಟೇ!

ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ ತೀರಾ ಹಳೆಯ ಕಥೆಯಲ್ಲ. ಬ್ರಿಟನ್ನಿನಲ್ಲಿ 1969, ಅಮೆರಿಕದಲ್ಲಿ 1971, ಭಾರತದಲ್ಲಿ 1989. ಆಸ್ಟ್ರಿಯಾ 2007ರಲ್ಲಿ 16ಕ್ಕೇ ಇಳಿಸಿತು.

ಎಲ್ಲರೂ ಧರಣಿ ಕೂರಬೇಕಿಲ್ಲ. ಮೊದಲು ಮತದಾರರ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಓದಲು ಊರು ಬಿಟ್ಟವರು ಇಲ್ಲೇ ಜಾಸ್ತಿ ಎಡವುವುದು. ಆಮೇಲೆ ನಿಮಗೆ ತಟ್ಟುವ ಒಂದೇ ವಿಷಯ ಹಿಡಿಯಿರಿ. ಅದರ ಪರ, ವಿರೋಧ ಎರಡನ್ನೂ ಓದಿ. ಫಾರ್ವರ್ಡ್ ಮೆಸೇಜು ಓದಿನ ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ!